ಏಕಾವಧಾನಿಯ ಪರದಾಟ

ಮಾತಾಡಿಯೇ ಹೊಟ್ಟೆ ಹೊರೆಯುವ ನಾನು ಮಾತಿಗೇ ಹೆದರತೊಡಗಿದೆ ಎಂದರೆ ನೀವು ನಗಬಹುದು. ನಗಿ, ಅಡ್ಡಿಯಿಲ್ಲ.

ನಾನು ವಕೀಲ. ಮನೆ ಬಾಗಲಕೋಟೆಯ ವಿದ್ಯಾಗಿರಿಯಲ್ಲಿ, ಕಸುಬು ಹುನಗುಂದದ ಕೋರ್ಟಿನಲ್ಲಿ. ಕಳೆದ ವರ್ಷ ಒಂದು ದಿನ ಸಾಕ್ಷಿಯನ್ನು ಪ್ರಶ್ನಿಸಲು ಎದ್ದು ನಿಂತೆ. ಎದೆ ಡವಡವ ಹೊಡೆದುಕೊಂಡಿತು, ಅಂಗೈ ಬೆವರಿತು, ನಾಲಿಗೆ ಅಂಗುಳಕ್ಕೆ ಅಂಟಿತು. ಹೃದಯವೇ ಕೈಕೊಟ್ಟಿತೆಂದು ಆಸ್ಪತ್ರೆಗೆ ಓಡಿದೆ. ಹೃದಯ ನೆಟ್ಟಗಿದೆ ಎಂದರು. ನನಗೆ ಸಂತೋಷಕ್ಕಿಂತ ಅವಮಾನವೇ ಹೆಚ್ಚಾಯಿತು. ಹೃದಯದ ಕಾಯಿಲೆಗೆ ಒಂದು ಮರ್ಯಾದೆಯಿದೆ. ನೆಂಟರು ಹಣ್ಣು ಹಿಡಿದು ನೋಡಲು ಬರುತ್ತಾರೆ. ಅಂಜಿಕೆಗೆ ಯಾರು ಮೋಸಂಬಿ ತರುತ್ತಾರೆ?

ಆಮೇಲೆ ಕೋರ್ಟಿನ ದಿನ ಬಂತೆಂದರೆ ಏನಾದರೊಂದು ನೆಪ ಹೇಳಿ ಪ್ರಕರಣಗಳನ್ನು ಮುಂದೂಡಿಸುತ್ತಿದ್ದೆ. ಕೊನೆಕೊನೆಗೆ ಹಾಸಿಗೆಯಿಂದ ಏಳುವುದೇ ಬೇಡವೆನಿಸಿತು. ಉಂಡರೆ ರುಚಿಯಿಲ್ಲ, ಕರೆದರೆ ಓಗೊಡುವ ಮನಸ್ಸಿಲ್ಲ. ಹೆಂಡತಿ ಶೈಲಾ ಒಂದು ಬೆಳಿಗ್ಗೆ ಮುಸುಕು ಎಳೆದಳು.

"ನಡೀರಿ, ಮನಸ್ಸಿಗೂ ಡಾಕ್ಟರ್ ಇರ್ತಾರ. ಜ್ವರ ಬಂದ್ರ ನಾಚ್ಕೋತೀರೇನು?"

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಎಲ್ಲ ಕೇಳಿಕೊಂಡು ಗುಳಿಗೆ ಬರೆದರು. ಆಮೇಲೆ ಹೇಳಿದರು: "ದಿನಾ ಸ್ವಲ್ಪ ಹೊತ್ತು ಸುಮ್ಮನ ಕುಂತು ಉಸಿರು ನೋಡ್ರಿ. ಮನಸ್ಸು ಓಡಿಹೋದ್ರ ಬೈಬ್ಯಾಡ್ರಿ, ಮೆಲ್ಲಕ ತಿರುಗಿ ಕರ್ಕೊಂಡು ಬರ್ರಿ. ಉಸಿರು ಕೈಗೆ ಸಿಗಲಿಲ್ಲಂದ್ರ ಮೈಗೆ ಏನು ತಾಗೇತಿ ಅದನ್ನ ನೋಡ್ರಿ."

ಇದಕ್ಕೆ ಈಗ ಮೈಂಡ್‌ಫುಲ್‌ನೆಸ್ ಎನ್ನುತ್ತಾರಂತೆ. ನಮ್ಮಲ್ಲಿ ಅವಧಾನವೆಂಬ ಹಳೆಯ ಮಾತೇ ಇದೆ. ಎಂಟು ಕಡೆ ಏಕಕಾಲಕ್ಕೆ ಗಮನವಿಡಬಲ್ಲ ಅಷ್ಟಾವಧಾನಿಗಳಿಗೆ ಸಭೆಯಲ್ಲಿ ಶಾಲು ಹೊದಿಸುತ್ತಾರೆ. ನನಗೋ ಒಂದೇ ಕಡೆ, ಅದೂ ನನ್ನದೇ ಮೂಗಿನ ತುದಿಯಲ್ಲಿ ಗಮನ ನಿಲ್ಲಲೊಲ್ಲದು. ಮನಸ್ಸನ್ನು ಮರ್ಕಟವೆಂದ ಹಿರಿಯರು ಬಾದಾಮಿಯ ಗುಹೆಗಳ ಮುಂದೆ ಚೀಲ ಹಿಡಿದು ನಿಂತವರೇ ಇರಬೇಕು. ಕೋತಿ ಕಿತ್ತುಕೊಂಡ ಚೀಲದ ಹಿಂದೆ ನಾವು ಓಡಿದಷ್ಟೂ ಅದು ಮೇಲೆ ಹತ್ತುತ್ತದೆ. ಸುಮ್ಮನೆ ನಿಂತರೆ ತಾನೇ ಬೇಸತ್ತು ಎಸೆಯುತ್ತದೆ. ಡಾಕ್ಟರಮ್ಮನ ಉಪದೇಶದ ತಿರುಳೂ ಇಷ್ಟೇ ಎಂದು ತಿಳಿಯಲು ನನಗೆ ಬಹಳ ದಿನ ಹಿಡಿಯಿತು. ಅಷ್ಟರೊಳಗೆ ಎಷ್ಟೋ ಸಲ ಕುಳಿತಲ್ಲೇ ನಿದ್ದೆ ಹೋಗಿದ್ದೆ.

"ಏನ್ರಿ, ಉಸಿರು ನೋಡಾಕತ್ತೀರೋ, ಗೊರಕಿ ಹೊಡ್ಯಾಕತ್ತೀರೋ?" ಎಂದು ಶೈಲಾ ಅಡುಗೆಮನೆಯಿಂದ ಕೇಳುತ್ತಿದ್ದಳು.

ಆದರೂ ಬಿಡಲಿಲ್ಲ. ಮೆಲ್ಲಮೆಲ್ಲನೆ ಆಕೆ ರೊಟ್ಟಿ ಬಡಿಯುವ ಸದ್ದು ಕೇಳತೊಡಗಿತು. ಒಂದು ದಿನ ಚಹಾ ಗುಟುಕರಿಸಿ, "ಶುಂಠಿ ಹಾಕೀಯೇನು ಇವತ್ತು?" ಎಂದೆ.

"ಲಗ್ನ ಆದಾಗಿಂದ ಹಾಕಾಕತ್ತೀನ್ರಿ," ಎಂದಳು. ಸೆರಗಿನಿಂದ ಕಣ್ಣೊರೆಸಿಕೊಂಡದ್ದು ನನಗೆ ಕಾಣಿಸಿತು.

ಅಷ್ಟರಲ್ಲಿ ನನ್ನ ಕಕ್ಷಿದಾರಳಾದ ನೀಲವ್ವನ ಪ್ರಕರಣದ ಸರದಿ ಮತ್ತೆ ಬಂತು. ಆಕೆ ಇಳಕಲ್ಲಿನಲ್ಲಿ ಸೀರೆ ನೇಯುವ ಹೆಣ್ಣುಮಗಳು. ಗಂಡ ತೀರಿಕೊಂಡ ಮೇಲೆ ಮೈದುನ ಆಕೆಯನ್ನು ಮನೆಯಿಂದ ಹೊರಹಾಕಿ, ಆಕೆ ಅಲ್ಲಿ ಎಂದೂ ಇರಲೇ ಇಲ್ಲವೆಂದು ಸಾಧಿಸುತ್ತಿದ್ದ. ನನ್ನ ನೆಪಗಳಿಂದ ಆಗಲೇ ಸಾಕಷ್ಟು ತಡವಾಗಿತ್ತು. ಇನ್ನು ಮುಂದೂಡುವುದಿಲ್ಲ ಎಂದರು ನ್ಯಾಯಾಧೀಶರು.

ಕಟಕಟೆಯಲ್ಲಿ ಮೈದುನ ನಿಂತಿದ್ದ. ನಾನೆದ್ದೆ, ಅಂಜಿಕೆಯೂ ನನ್ನೊಡನೆ ಎದ್ದಿತು. ಉಸಿರು ಹುಡುಕಿದೆ, ಸಿಗಲಿಲ್ಲ. ಕಣ್ಣು ಮುಚ್ಚಿ ಅಂಗಾಲಿಗೆ ಮನಸ್ಸು ಕೊಟ್ಟೆ. ಬೂಟಿನೊಳಗೆ ಬೆವರಿದ ಕಾಲುಚೀಲ, ಅದರ ಕೆಳಗೆ ಅಲುಗದ ನೆಲ. ಎದೆ ಹೊಡೆದುಕೊಳ್ಳುತ್ತಲೇ ಇತ್ತು, ಹೊಡೆದುಕೊಳ್ಳಲಿ ಎಂದು ಬಿಟ್ಟೆ. ನಾಲಿಗೆ ಸಡಿಲಾಯಿತು.

"ಆ ಮನ್ಯಾಗ ನೀವು ಸುಖವಾಗಿ ಇದ್ರೇನ್ರಿ?" ಎಂದು ಕೇಳಿದೆ.

"ಎಲ್ಲಿ ಸುಖಾರಿ! ಈಕಿ ಮಗ್ಗದ ಖಟಖಟದಾಗ ಮಧ್ಯಾಹ್ನ ಒಂದು ನಿದ್ದಿ ಆಗ್ತಿರಲಿಲ್ಲ."

ಹಿಂದಿನ ನಾನಾಗಿದ್ದರೆ ಮುಂದಿನ ಪ್ರಶ್ನೆಯ ಚಿಂತೆಯಲ್ಲಿ ಆ ಮಾತು ಕಿವಿಗೇ ಬೀಳುತ್ತಿರಲಿಲ್ಲ. ಈಗ ಪ್ರತಿ ಅಕ್ಷರವೂ ಕೇಳಿಸಿತು.

"ಯಾರ ಮಗ್ಗ ಅಂದ್ರಿ?"

ಅವನು ತನ್ನ ವಕೀಲರ ಕಡೆ ತಿರುಗಿದ. ಕೋರ್ಟೆಲ್ಲ ನಕ್ಕಿತು. ಕೆಲವು ತಿಂಗಳ ಮೇಲೆ ಬಂದ ತೀರ್ಪಿನಲ್ಲಿ ನೀಲವ್ವನಿಗೆ ಮನೆಯ ಪಾಲು ದಕ್ಕಿತು. ನನ್ನ ಅಂಜಿಕೆ ಪೂರ್ತಿ ಹೋಗಿಲ್ಲ. ಗುಳಿಗೆಯೂ ಇದೆ, ಬೆಳಗಿನ ಕೂರುವಿಕೆಯೂ ಇದೆ. ಆದರೆ ಅಂಜಿಕೆ ಬಂದರೆ ಬಂತು, ಕೂತು ಹೋಗಲಿ ಎನ್ನುವಷ್ಟು ಸಲಿಗೆ ಬೆಳೆದಿದೆ.

ಮೈದುನನನ್ನು ಪ್ರಶ್ನಿಸಿದ ಆ ದಿನ ಕೋರ್ಟಿನ ಮೆಟ್ಟಿಲಿಳಿಯುವಾಗ ನೀಲವ್ವ ಹತ್ತಿರ ಬಂದು ಮೆಲುದನಿಯಲ್ಲಿ ಕೇಳಿದಳು: "ಸಾಹೇಬ್ರ, ಒಳಗ ಕಣ್ಣು ಮುಚ್ಚಿದ್ರಲ್ಲ, ಯಾವ ದೇವರನ್ನ ನೆನೆಸಿದ್ರಿ?"

"ದೇವರನ್ನಲ್ಲವ್ವ, ನನ್ನ ಅಂಗಾಲನ್ನ," ಎಂದೆ. ನಿಜ ಹೇಳಿ ಬಹಳ ಹಗುರಾಯಿತು.

ಆಕೆ ನನ್ನ ಬೂಟುಗಳನ್ನು ಒಮ್ಮೆ ನೋಡಿದಳು. "ಛಲೋ ಆತು ಬಿಡ್ರಿ," ಎಂದಳು. "ದೇವರಿಗೂ ಭಾಳ ಮಂದಿ ಗದ್ಲ ಇರ್ತೈತಿ. ಕಾಲಾದ್ರ ನಮ್ಮವು, ಕರದ್ರ ಲಗೂನ ಓಗೊಡ್ತಾವು."