ಎಡಗೈಯ ತಿರುವು

ಅವಳ ನಿಜವಾದ ಹೆಸರು ಮತದಾರರ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಕಾರುಗಳ ಶಾಕ್ ಅಬ್ಸಾರ್ಬರ್ ರಿಪೇರಿ ಮಾಡುತ್ತಾಳೆಂದು ಯಾವನೋ ಡ್ರೈವರ್ ತಮಾಷೆಗೆ 'ಶಾಕಮ್ಮ' ಎಂದಿದ್ದ. ಅದೇ ಊರಿಡೀ ಹಬ್ಬಿ, ಕೊನೆಗೆ ಕಟ್ಟಿಕೊಂಡ ಗಂಡನೂ ಹಾಗೇ ಕರೆಯತೊಡಗಿದ. ಅವನು ದರ್ಜಿ. ಶೆಡ್ಡಿಗೆ ಅಂಟಿಕೊಂಡ ಕೋಣೆಯಲ್ಲೇ ಅವನ ಹೊಲಿಗೆ ಯಂತ್ರ. "ನನ್ನವಳು ಸ್ಪ್ರಿಂಗ್ ಅದುಮೋಳು, ನಾನು ಗುಂಡಿ ಹೊಲಿಯೋನು. ಮನೇಲಿ ಜಗಳ ಆದ್ರೆ ಗೆಲ್ಲೋದ್ಯಾರು ಅಂತ ನೀವೇ ಹೇಳಿ," ಎಂದು ಬಂದವರನ್ನೆಲ್ಲ ನಗಿಸುತ್ತಿದ್ದ.

ಶೆಡ್ಡು ಅಪ್ಪನ ಕಾಲದ್ದು. ತಗಡಿನ ಮಾಡು, ನಡುವೆ ಇಳಿದು ಕೆಲಸ ಮಾಡುವ ಹಳ್ಳ, ಗೋಡೆಯುದ್ದಕ್ಕೂ ಎಣ್ಣೆ ಕುಡಿದು ಕರ್ರಗಾದ ಮರದ ಮೇಜು. ಮೇಜಿನ ಎರಡು ತುದಿಗೆ ಸಾಮಾನು ಕಚ್ಚಿ ಹಿಡಿಯುವ ಎರಡು ವೈಸುಗಳು. ಬಲತುದಿಯದು ಶಾಕಮ್ಮನದು. ಎಡತುದಿಯದನ್ನು ಯಾರೂ ಮುಟ್ಟುತ್ತಿರಲಿಲ್ಲ. ಆದರೂ ವಾರಕ್ಕೊಮ್ಮೆ ಅವಳು ಅದಕ್ಕೆ ಎಣ್ಣೆ ಬಿಟ್ಟು, ಹಿಡಿ ತಿರುಗಿಸಿ, ಸಲೀಸಾಗಿ ಓಡುತ್ತದೋ ಇಲ್ಲವೋ ನೋಡುತ್ತಿದ್ದಳು. ಅದು ಅಕ್ಕನದು.

ಅಪ್ಪನಿಗೆ ಇದ್ದದ್ದು ಇಬ್ಬರೇ ಹೆಣ್ಣುಮಕ್ಕಳು. ಅದಕ್ಕಾಗಿ ಅವನೇನೂ ಕೊರಗಿದವನಲ್ಲ. "ತಿರುಗಿಸ್ತಿರೋದು ಗಂಡೋ ಹೆಣ್ಣೋ ಅಂತ ಬೋಲ್ಟಿಗೇನು ಗೊತ್ತು?" ಎನ್ನುತ್ತಿದ್ದ. ತಾಯಿಯಿಲ್ಲದ ಮನೆ. ಶಾಲೆ ಬಿಟ್ಟೊಡನೆ ಇಬ್ಬರೂ ಶೆಡ್ಡಿಗೇ ಬರುತ್ತಿದ್ದರು. ಅಕ್ಕ ಮೂರು ವರ್ಷಕ್ಕೆ ದೊಡ್ಡವಳು, ಎಡಚಿ. ಶಾಲೆಯಲ್ಲಿ ಮೇಷ್ಟರು ಹೊಡೆದೂ ಹೊಡೆದೂ ಅವಳ ಬಲಗೈಗೆ ಪೆನ್ಸಿಲ್ ಹಿಡಿಸಲು ನೋಡಿ ಸೋತಿದ್ದರು. ತಂಗಿಗೆ ತೋಳಿನಲ್ಲಿ ಆನೆಬಲ, ಅಕ್ಕನಿಗೆ ಬೆರಳ ತುದಿಯಲ್ಲಿ ಕಣ್ಣು. ಬಿಗಿ ಸ್ಪ್ರಿಂಗನ್ನು ಅದುಮಿ ಹಿಡಿಯುವುದು ತಂಗಿ, ಅದರೊಳಗಿನ ನಾಜೂಕು ಕೆಲಸ ಮಾಡುವುದು ಅಕ್ಕ.

ನಾಜೂಕು ಕೆಲಸವೆಂದರೆ ಇಷ್ಟು. ಶಾಕ್ ಅಬ್ಸಾರ್ಬರಿನಲ್ಲಿ ಕನ್ನಡಿಯಂತೆ ಹೊಳೆಯುವ ಉಕ್ಕಿನ ಸರಳೊಂದು ಮೇಲೆ ಕೆಳಗೆ ಆಡುತ್ತಿರುತ್ತದೆ. ಅದಕ್ಕೆ ಧೂಳು ಸೋಕದಂತೆ ರಬ್ಬರಿನ ನೆರಿಗೆ ನೆರಿಗೆಯ ಅಂಗಿ, ಡಸ್ಟ್ ಕವರ್. ಕಾರು ಗುಂಡಿಗೆ ಇಳಿದಾಗ ಲೋಹಕ್ಕೆ ಲೋಹ ಬಡಿಯದಂತೆ ನಡುವೆ ಒಂದು ಮೆತ್ತೆ, ಬಂಪ್ ಸ್ಟಾಪ್. "ಇವೆರಡೂ ಮನೆಯ ಹಿರಿಯರ ಥರ. ಇದ್ದಾಗ ಯಾರ ಕಣ್ಣಿಗೂ ಬೀಳಲ್ಲ. ಹರಿದುಹೋದ್ರೂ ಗಾಡಿ ಓಡುತ್ತೆ. ಒಳಗಿಂದ ಎಣ್ಣೆ ಸೋರೋಕೆ ಶುರುವಾದ ಮೇಲೇ ಎಲ್ಲರಿಗೂ ಜ್ಞಾನೋದಯ," ಎಂದು ಅಪ್ಪ ಹೇಳುತ್ತಿದ್ದ. ಕವರಿನ ಕೆಳಬಾಯಿ ಜಾರದಂತೆ ಅಕ್ಕ ತೆಳು ತಾಮ್ರದ ತಂತಿ ಸುತ್ತುತ್ತಿದ್ದಳು. ಮುಂದೆ ಬಿಚ್ಚುವವರ ಬೆರಳಿಗೆ ಚುಚ್ಚಬಾರದೆಂದು ತಂತಿಯ ತುದಿಯನ್ನು ಎರಡು ಸಲ ಮಡಚಿ ನೆರಿಗೆಯೊಳಗೆ ಸೇರಿಸುತ್ತಿದ್ದಳು. ಎಡಗೈಯವಳಾದ್ದರಿಂದ ಅವಳ ಹೊಸೆತ ಎಲ್ಲರ ಹೊಸೆತಕ್ಕೆ ತಿರುವುಮುರುವು. "ನಿನ್ನ ಗಂಟು ಬಿಚ್ಚೋಕೆ ನೀನೇ ಬರಬೇಕು ಕಣೆ," ಎಂದು ತಂಗಿ ರೇಗುತ್ತಿದ್ದಳು.

ತಂಗಿಗೆ ಹತ್ತೊಂಬತ್ತಾದ ವರ್ಷ ಅದು ನಡೆಯಿತು. ಹಳೆಯ ಗಿರಾಕಿಯಾದ ಡಾಕ್ಟರ ಕಾರು, ರಿಪೇರಿಯಾದ ಮೂರನೇ ದಿನ ಗಡಗಡ ಸದ್ದು ಮಾಡುತ್ತ ವಾಪಸ್ಸು ಬಂತು. ಅಪ್ಪ ಬಾನೆಟ್ ಎತ್ತಿ ನೋಡಿದರೆ ಸರಳಿನ ತಲೆಯ ನಟ್ಟು ಸಡಿಲ. ಬೆರಳಲ್ಲೇ ತಿರುಗುತ್ತಿತ್ತು. ಅಕ್ಕನ ಮದುವೆ ಗೊತ್ತಾಗಿದ್ದ ದಿನಗಳು ಅವು. ಡಾಕ್ಟರು, ಇನ್ನಿಬ್ಬರು ಗಿರಾಕಿಗಳು ನಿಂತಿದ್ದಾರೆನ್ನುವುದನ್ನೂ ನೋಡದೆ ಅಪ್ಪ ಅಕ್ಕನ ಮೇಲೆ ಹರಿಹಾಯ್ದ. "ಮೈಯೆಲ್ಲಾ ಇಲ್ಲಿ, ಮನಸ್ಸೆಲ್ಲಾ ಗಂಡನ ಮನೇಲಿ! ಒಂದು ಜೀವ ಹೋಗಿದ್ರೆ ಯಾರೇ ಜವಾಬ್ದಾರಿ? ಇನ್ನು ಈ ಮೇಜು ಮುಟ್ಟಬೇಡ!"

ಆ ನಟ್ಟು ಬಿಗಿಯಬೇಕಾಗಿದ್ದವಳು ತಂಗಿ. ಯಾರೋ ಕರೆದರೆಂದು ಅರ್ಧಕ್ಕೆ ಬಿಟ್ಟು ಹೋದವಳು ಮರೆತೇಬಿಟ್ಟಿದ್ದಳು. ಅಕ್ಕ ಒಂದೇ ಒಂದು ಸಲ ಅವಳತ್ತ ನೋಡಿದಳು. ತಂಗಿ ನೆಲ ನೋಡಿದಳು. ಅಕ್ಕ ಕೈ ಒರೆಸಿಕೊಂಡು ಒಳಗೆ ಹೋದಳು.

ಮದುವೆಯಾಯಿತು. ಭಾವ ಲಾರಿ ಡ್ರೈವರು. ಇಂದು ಈ ಊರು, ನಾಳೆ ಆ ಊರು. ನಾಲ್ಕು ವರ್ಷದ ಮೇಲೆ ಅಪ್ಪ ತೀರಿಕೊಂಡಾಗ ಅಕ್ಕ ಬಂದಳು. ಒಂದು ದಿನ ಇದ್ದಳು, ಬಂದವರ ಲೋಟಗಳನ್ನೆಲ್ಲ ತೊಳೆದಿಟ್ಟಳು, ಶೆಡ್ಡಿನ ಹೊಸಿಲು ಮಾತ್ರ ದಾಟಲಿಲ್ಲ. ಅಂದು ಹೇಳಿಬಿಡಬೇಕೆಂದು ತಂಗಿಯ ಗಂಟಲವರೆಗೆ ಬಂದದ್ದು ಮನೆ ತುಂಬ ಜನರಿದ್ದರೆಂಬ ನೆವದಲ್ಲಿ ಒಳಗೇ ಇಳಿಯಿತು. ಆಮೇಲೆ ಬರೆದ ಎರಡು ಕಾಗದ ವಿಳಾಸದಾರರಿಲ್ಲವೆಂದು ಹಿಂದಕ್ಕೆ ಬಂದವು. ಇದ್ದ ಒಂದು ಫೋನ್ ನಂಬರು ಬೇರೆ ಯಾರದೋ ಆಗಿತ್ತು.

ಹದಿನೆಂಟು ವರ್ಷ ಹಾಗೇ ಕಳೆಯಿತು. ಶಾಕಮ್ಮನಿಗೆ ಹೆಸರು ಬಂತು, ಸೊಂಟನೋವು ಬಂತು, ಕನ್ನಡಕ ಬಂತು. ಈಗಲೂ ಒಮ್ಮೊಮ್ಮೆ ಕಾರಿನಡಿಯಿಂದ ಕೈ ಚಾಚಿ, "ಹದಿನೇಳು ಕೊಡೆ," ಎಂದುಬಿಡುತ್ತಿದ್ದಳು. ಆ ಬದಿಯಿಂದ ಹದಿನೇಳರ ಸ್ಪ್ಯಾನರು ಅಂಗೈಗೆ ಬೀಳುತ್ತಿದ್ದ ಕಾಲವನ್ನು ಕೈ ಮರೆತಿರಲಿಲ್ಲ. ಪಕ್ಕದ ಕೋಣೆಯ ಹೊಲಿಗೆ ಯಂತ್ರ ಆಗ ತಟ್ಟನೆ ನಿಲ್ಲುತ್ತಿತ್ತು. ಸ್ವಲ್ಪ ಹೊತ್ತಿಗೆ ಯಂತ್ರ ಮತ್ತೆ ಓಡುತ್ತಿತ್ತು.

ಒಂದು ಬೆಳಿಗ್ಗೆ, ಊರಿಗೆ ಹೊಸದಾಗಿ ವರ್ಗವಾಗಿ ಬಂದ ನರ್ಸ್ ಒಬ್ಬರು ಬಿಳಿ ಬಣ್ಣದ ಹಳೆಯ ಕಾರು ತಂದು ನಿಲ್ಲಿಸಿದರು.

"ಅಮ್ಮಾ, ಉಬ್ಬು ಹತ್ತಿಳಿದ್ರೆ ಮುಂದುಗಡೆ ಧಡ್ ಅನ್ನುತ್ತೆ. ಹಲ್ಲು ಉದುರೋ ಹಾಗೆ."

ಶಾಕಮ್ಮ ಮೂಲೆ ಹಿಡಿದು ಎರಡು ಸಲ ಅದುಮಿ ಬಿಟ್ಟಳು. "ಶಾಕ್ ಗಟ್ಟಿಯಾಗೇ ಇದೆ ಸಿಸ್ಟರ್. ಒಳಗಿನ ಮೆತ್ತೆ ಹೋಗಿರಬೇಕು. ಕೂತ್ಕೊಳ್ಳಿ, ಬಿಚ್ಚಿ ನೋಡ್ತೀನಿ."

ಚಕ್ರ ಕಳಚಿ, ಇಡೀ ಜೋಡಣೆಯನ್ನು ಇಳಿಸಿ, ಸ್ಪ್ರಿಂಗ್ ಅದುಮುವ ಕೊಂಡಿಗಳನ್ನು ಎರಡೂ ಬದಿ ಹಾಕಿ ಬಿಗಿದಳು. ತಲೆಯ ನಟ್ಟಿಗೆ ಸ್ಪ್ಯಾನರ್ ಹಚ್ಚುವ ಮೊದಲು ಧೂಳು ಒರೆಸಿದರೆ, ನಟ್ಟಿನಿಂದ ಸರಳಿನವರೆಗೆ ಒಂದು ಕೆಂಪು ಗೆರೆ. ಉಗುರಿಗೆ ಹಚ್ಚುವ ಬಣ್ಣ. ನಟ್ಟು ಕೂದಲೆಳೆಯಷ್ಟು ಸಡಿಲವಾದರೂ ಗೆರೆ ಮುರಿದು ಗೊತ್ತಾಗಲೆಂದು ಯಾರೋ ಎಳೆದದ್ದು. 'ಯಾರಪ್ಪ ಇಷ್ಟು ಹುಷಾರಿನವರು' ಎಂದುಕೊಂಡು ಬಿಚ್ಚಿದಳು. ಬಂಪ್ ಸ್ಟಾಪ್ ನೆನೆದ ಬಿಸ್ಕತ್ತಿನಂತೆ ಕೈಯಲ್ಲೇ ಪುಡಿಯಾಯಿತು. ಡಸ್ಟ್ ಕವರು ನೆರಿಗೆಗಳುದ್ದಕ್ಕೂ ಸೀಳಿತ್ತು. ಕೆಳಬಾಯಿಯ ಸುತ್ತ ಮಾತ್ರ ತೆಳು ತಾಮ್ರದ ತಂತಿ ಹಾಗೇ ಕಚ್ಚಿಕೊಂಡಿತ್ತು.

ಇಕ್ಕಳದಿಂದ ತಂತಿ ತಿರುಗಿಸಿದಳು. ಬಿಚ್ಚಲಿಲ್ಲ, ಇನ್ನೂ ಬಿಗಿಯಾಯಿತು. ತುದಿ ಹುಡುಕಿದಳು. ಎರಡು ಮಡಿಕೆಯಾಗಿ ನೆರಿಗೆಯೊಳಗೆ ಸೇರಿತ್ತು.

ಶಾಕಮ್ಮ ನೆಲದ ಮೇಲೆ ಕೂತುಬಿಟ್ಟಳು.

"ಅಯ್ಯೋ, ಏನಾಯ್ತು? ತಲೆ ಸುತ್ತು ಬಂತಾ?" ನರ್ಸ್ ಎದ್ದು ಬಂದು ನಾಡಿ ಹಿಡಿಯಲು ನೋಡಿದರು.

"ಇಲ್ಲ ಸಿಸ್ಟರ್. ಇದನ್ನ ಯಾರ ಹತ್ರ ಮಾಡಿಸಿದ್ರಿ?"

"ಹಿಂದೆ ಇದ್ದ ಊರಲ್ಲಿ. ಆರು ವರ್ಷ ಆಯ್ತೇನೋ. ಅಲ್ಲೂ ನಿಮ್ಮ ಹಾಗೇ ಹೆಂಗಸು ಒಬ್ರು. ಮಾತು ಕಮ್ಮಿ, ಕೆಲಸ ಬಂಗಾರ. ಬಸ್ ನಿಲ್ದಾಣದ ಹಿಂದೆ ನೀರಿನ ಟ್ಯಾಂಕ್ ಇದೆ, ಅದರ ಪಕ್ಕ ನೀಲಿ ಬಾಗಿಲಿನ ಶೆಡ್ಡು. ಯಾಕೆ, ಕೆಲಸ ಸರಿಯಾಗಿಲ್ವಾ?"

"ಇದಕ್ಕಿಂತ ಸರಿಯಾಗಿ ಮಾಡೋರು ಹುಟ್ಟಿಲ್ಲ," ಎಂದಳು ಶಾಕಮ್ಮ.

ಕೆಲಸ ಅರ್ಧಕ್ಕೆ ಬಿಡುವ ಚಾಳಿ ಅವಳಿಗೆ ಹತ್ತೊಂಬತ್ತರಲ್ಲೇ ಹೋಗಿತ್ತು. ಸರಳನ್ನು ಒರೆಸಿ, ಗೀರಿಲ್ಲವೆಂದು ಉಗುರಿನಿಂದ ತಡವಿ ನೋಡಿ, ಹೊಸ ಮೆತ್ತೆ, ಹೊಸ ಕವರು ಹಾಕಿದಳು. ಇನ್ನೊಂದು ಬದಿಯನ್ನೂ ಬಿಚ್ಚಿ ಹಾಗೇ ಮಾಡಿದಳು. ಕಾರು ಹೋದ ಮೇಲೆ ಗಂಡನಿಗೆ ಎಲ್ಲ ಹೇಳಿದಳು, ಆ ನಟ್ಟಿನ ವಿಷಯವನ್ನೂ. ಮದುವೆಯಾಗಿ ಹದಿನೇಳು ವರ್ಷದಲ್ಲಿ ಮೊದಲ ಸಲ.

ಅವನು ಬಾಯಲ್ಲಿದ್ದ ದಾರ ತೆಗೆದ. "ನಾಳೆ ಬೆಳಿಗ್ಗೆ ಆರಕ್ಕೆ ಬಸ್ಸಿದೆ."

"ಮುಖ ತಿರುಗಿಸಿಬಿಟ್ರೆ?"

"ತಿರುಗಿಸಿದ್ರೆ ಮುಖ ನೋಡಿದ ಹಾಗಾದ್ರೂ ಆಗುತ್ತಲ್ಲ ಶಾಕಮ್ಮ."

ಬಸ್ಸಿನಲ್ಲಿ ಆರು ಗಂಟೆ. ಏನು ಹೇಳಬೇಕೆಂದು ಜೋಡಿಸಿಕೊಂಡ ಮಾತೆಲ್ಲ ಪ್ರತಿ ಉಬ್ಬಿಗೂ ಕಲೆಸಿಹೋಗುತ್ತಿತ್ತು. ನೀಲಿ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಒಬ್ಬಳು ಮಗುಚಿದ ಡಬ್ಬದ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದಳು. ಕಿವಿಯ ಮೇಲಿನ ಕೂದಲು ಪೂರಾ ಬೆಳ್ಳಗಾಗಿತ್ತು. ತಲೆಯೆತ್ತಿದಳು. ತುಂಬ ಹೊತ್ತು ನೋಡಿದಳು.

"ಊಟ ಆಯ್ತಾ?" ಎಂದಳು.

"ಇಲ್ಲ."

"ಕೈ ತೊಳ್ಕೊಂಡು ಬಾ. ಅಲ್ಲಿ ಸೋಪಿದೆ."

ಒಂದೇ ಬುತ್ತಿಯನ್ನು ಇಬ್ಬರೂ ತಿಂದರು. ಎರಡು ತುತ್ತು ಇಳಿಯುವಷ್ಟರಲ್ಲಿ ಶಾಕಮ್ಮ ಹೇಳಿಯೇಬಿಟ್ಟಳು. "ಅಕ್ಕಾ, ಡಾಕ್ಟರ ಕಾರಿನ ನಟ್ಟು ಬಿಟ್ಟಿದ್ದು ನಾನು."

"ಗೊತ್ತು ಕಣೆ."

"ಗೊತ್ತಿದ್ದೂ ಸುಮ್ಮನಿದ್ಯಾ?"

"ನೀನೇ ಹೇಳ್ತೀಯ ಅಂತ ಕಾದೆ. ಅಪ್ಪ ಬೈದಿದ್ದು ಸಂಜೆಗೇ ಮರೆತೋಯ್ತು. ನೀನು ನೆಲ ನೋಡಿದ್ಯಲ್ಲ, ಅದು..." ಅಕ್ಕ ಬುತ್ತಿಯ ಮುಚ್ಚಳವನ್ನು ಬೆರಳಿನಿಂದ ತಿರುಗಿಸಿದಳು. "ಎರಡು ವರ್ಷ ಸಿಟ್ಟಿತ್ತು. ಆಮೇಲೆ ನಾಚಿಕೆ, ಇಷ್ಟಕ್ಕೆಲ್ಲ ದೂರ ಆದ್ನಲ್ಲಾ ಅಂತ. ಆಮೇಲೆ ಅದೇ ಅಭ್ಯಾಸ ಆಗೋಯ್ತು. ಆದ್ರೆ ಅವತ್ತಿಂದ ಗೆರೆ ಎಳೀದೆ ಒಂದು ನಟ್ಟೂ ಬಿಟ್ಟಿಲ್ಲ ನೋಡು. ನನ್ನ ಉಗುರಿಗೆ ಹಚ್ಚಿದ್ದು ಇಲ್ಲ, ನಟ್ಟಿಗೇ ಶೃಂಗಾರ."

ಇಬ್ಬರೂ ನಕ್ಕರು. ನಗುತ್ತ ನಗುತ್ತ ಶಾಕಮ್ಮ ಅತ್ತಳು. ಅಕ್ಕ ಎಡಗೈಯಿಂದ ಅವಳ ಕೆನ್ನೆ ಒರೆಸಿದಳು. ಎಷ್ಟು ತೊಳೆದರೂ ಹೋಗದ ಗ್ರೀಸಿನ ಕರಿ ಗೆರೆ ಕೆನ್ನೆಯ ಮೇಲೆ ಮೂಡಿತು.

"ಮನೆಗೆ ಬಾರೆ ಅಕ್ಕಾ. ನಿನ್ನ ವೈಸ್ ಹಾಗೇ ಇಟ್ಟಿದ್ದೀನಿ."

ಅಕ್ಕ ಶೆಡ್ಡಿನ ಹಿಂಬಾಗಿಲ ಕಡೆ ನೋಡಿದಳು. ಭಾವನಿಗೆ ಮೂರು ವರ್ಷದಿಂದ ಕಾಲು ಸ್ವಾಧೀನವಿರಲಿಲ್ಲ. ಹಿಂದಿನ ಕೋಣೆಯಲ್ಲಿ ಮಲಗಿದ್ದ. ಎರಡು ಗಂಟೆಗೊಮ್ಮೆ ಅವನನ್ನು ಮಗ್ಗುಲು ಹೊರಳಿಸಬೇಕಿತ್ತು. "ಬರ್ತೀನಿ. ಯಾವಾಗ ಅಂತ ಮಾತ್ರ ಕೇಳಬೇಡ," ಎಂದಳು. ನಾಲ್ಕರ ಬಸ್ಸು ಹೊರಡುವವರೆಗೆ ಕಿಟಕಿಯ ಕೆಳಗೆ ನಿಂತಿದ್ದಳು. ಬಸ್ಸು ತಿರುವಿಗೆ ಬಂದಾಗ ಶಾಕಮ್ಮ ತಿರುಗಿ ನೋಡಿದಳು. ಅಕ್ಕ ಆಗಲೇ ಬೇಗ ಬೇಗ ಶೆಡ್ಡಿನ ಕಡೆ ನಡೆಯುತ್ತಿದ್ದಳು. ಹೊರಳಿಸುವ ಹೊತ್ತಾಗಿತ್ತು.

ಇದಾಗಿ ಎರಡು ವರ್ಷ. ಅಕ್ಕ ಇನ್ನೂ ಬಂದಿಲ್ಲ. ಶಾಕಮ್ಮನೇ ಮತ್ತೆ ಮೂರು ಸಲ ಹೋಗಿಬಂದಳು. ಉಳಿದ ದಿನ ಮಧ್ಯಾಹ್ನ ಫೋನು. ಮೊದಮೊದಲು ತುಂಬ ಮಾತಿತ್ತು, ಹಳೆಯದೆಲ್ಲ ಮುಗಿದ ಮೇಲೆ ಕಡಿಮೆಯಾಯಿತು. ಈಗ ಇಬ್ಬರೂ ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಟ್ಟು ತಮ್ಮ ತಮ್ಮ ಪಾಡಿಗೆ ಕೆಲಸ ಮಾಡುತ್ತಾರೆ. ಅಲ್ಲಿ ಸುತ್ತಿಗೆ ಬಿದ್ದದ್ದು ಇಲ್ಲಿ ಕೇಳುತ್ತದೆ. ಒಮ್ಮೊಮ್ಮೆ ಆ ಕಡೆ ಸದ್ದು ಪೂರಾ ನಿಲ್ಲುತ್ತದೆ. ಆಗ ಶಾಕಮ್ಮ ಕೈಲಿದ್ದದ್ದನ್ನು ಕೆಳಗಿಟ್ಟು ಕಾಯುತ್ತಾಳೆ.

"ಅಕ್ಕಾ, ಇದ್ದೀಯಾ?"

"ಇದ್ದೀನಿ ಕಣೆ. ಒಂದು ವಾಷರ್ ಕೆಳಗೆ ಬಿತ್ತು, ಹುಡುಕ್ತಿದ್ದೀನಿ."