ಮಂಗಳವಾರ ತೋಡಿದ ಕುಣಿ

ನೆಲಕ್ಕೆ ಹಾರೆ ಹಾಕಿದರೆ ಊರಿಗೆ ಊರೇ ಓಡಿ ಬರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗಿ ಕೆಲವೇ ದಿನವಾಗಿತ್ತು. ಶಾಲೆಯ ಆಟದ ಟೀಚರಾದ ನಾನು ಮಂಗಳವಾರ ಬೆಳಿಗ್ಗೆ ಖೋಖೋ ಕಂಬ ನೆಡುವುದಕ್ಕೆಂದು ಏಳನೇ ತರಗತಿಯ ಹುಡುಗಿಯರನ್ನು ಕಟ್ಟಿಕೊಂಡು ಮೈದಾನದಲ್ಲಿ ಗುಂಡಿ ತೋಡಿಸುತ್ತಿದ್ದೆ. ಒಂದು ಗುಂಡಿ ಮುಗಿದಿತ್ತು, ಇನ್ನೊಂದು ಅರ್ಧಕ್ಕೆ ಬಂದಿತ್ತು. ಅಷ್ಟರಲ್ಲಿ ಗೇಟಿನ ಕಡೆಯಿಂದ ಯಾರೋ ಕಿರುಚಿದರು.

"ಕುಣಿ ತೋಡಾಕತ್ತಾರ! ವಾರದ ದಿನ ಕುಣಿ ತೋಡಾಕತ್ತಾರ!"

ಗಂಡಸರು, ಹೆಂಗಸರು, ಕೈಗೂಸು ಎತ್ತಿಕೊಂಡವರು, ಕೋಲೂರಿಕೊಂಡವರು ಎಲ್ಲ ಬಂದರು. ಮಕ್ಕಳಲ್ಲಿ ಯಾರಿಗೋ ಏಟಾಗಿದೆ ಎಂದುಕೊಂಡು ನಾನೇ ಗಾಬರಿಯಾಗಿ ಸುತ್ತಲೂ ನೋಡಿದೆ. ಗುಂಪಿನಿಂದ ಒಬ್ಬ ಅಜ್ಜಿ ನೆಟ್ಟಗೆ ಬಂದು, ಹಾರೆ ಹಿಡಿದಿದ್ದ ಗಂಗಾಳ ಕೈಯಿಂದ ಅದನ್ನು ಬಿಡಿಸಿ ಮೆಲ್ಲಗೆ ನೆಲದ ಮೇಲೆ ಇಟ್ಟಳು. ಆಮೇಲೆ ಹುಡುಗಿಯ ರಟ್ಟೆ ಹಿಡಿದು ನಡೆದೇಬಿಟ್ಟಳು. ಅವಳು ಗಂಗಾಳ ಅಜ್ಜಿ ಫಕೀರವ್ವ. ನನ್ನ ಮುಖವನ್ನು ತಿರುಗಿಯೂ ನೋಡಲಿಲ್ಲ.

ಮಳವಳ್ಳಿ ಕಡೆಯ ನನ್ನ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕು. ಮೋಟೆಬೆನ್ನೂರಿನಿಂದ ಒಳಗಿರುವ ಈ ಊರಿನಲ್ಲಿ ಮುಂಗಾರು ಶುರುವಾಗುವ ಹೊತ್ತಿಗೆ ಐದು ಮಂಗಳವಾರ "ವಾರ ಹಿಡಿಯುತ್ತಾರೆ". ಊರಮ್ಮನ ಹೆಸರಿನಲ್ಲಿ ಆ ದಿನ ಎತ್ತು ಹೂಡುವುದಿಲ್ಲ, ಕುಟ್ಟುವುದಿಲ್ಲ, ಬೀಸುವುದಿಲ್ಲ, ಒಲೆಯ ಮೇಲೆ ಹಂಚು ಇಟ್ಟು ರೊಟ್ಟಿ ಬಡಿಯುವುದಿಲ್ಲ. ಹಿಂದಿನ ದಿನದ ರೊಟ್ಟಿ ತಿಂದುಕೊಂಡು ಸುಮ್ಮನೆ ಕೂರುತ್ತಾರೆ. ಬೀಜ ಹಿಡಿಯಲಿರುವ ಭೂಮಿಗೆ ಆ ದಿನ ಪೆಟ್ಟು ಬೀಳಬಾರದು. ಊರಿನ ಮುಸ್ಲಿಮರ ಮನೆಗಳಲ್ಲೂ ಅವತ್ತು ಹಂಚು ಏರುವುದಿಲ್ಲ. ಇಷ್ಟೆಲ್ಲ ಕಟ್ಟುನಿಟ್ಟಿನ ನಡುವೆ ನಾನು ಸೀಟಿ ಊದಿ ನೆಲ ಅಗೆಸಿದ್ದೆ.

ಗಂಗಾ ಹೇಳಿರಲಿಲ್ಲವೇ? ಹೇಳಿದ್ದಳು. "ಇವತ್ತ ಬ್ಯಾಡ್ರಿ ಅಕ್ಕೋರ, ನಾಳಿಗೆ ಅಗಿಯೂಣ್ರಿ" ಎಂದಿದ್ದಳು. ಅಕ್ಕೋರು ಎಂದರೆ ಇಲ್ಲಿ ಟೀಚರಮ್ಮ. ನಾನು ಅದನ್ನು ಮೈಗಳ್ಳತನ ಎಂದುಕೊಂಡೆ. "ನಾಳೆ ನಾಳೆ ಅಂತ ಕೂತ್ರೆ ಆಟ ಆಡೋದು ಯಾವಾಗ? ಹಿಡ್ಕೊ ಹಾರೆ" ಎಂದು ಗದರಿದ್ದೆ. ನನ್ನ ಬಾಯಿ ನಿಮಗೆ ಗೊತ್ತೇ ಇದೆ.

ಹೆಡ್ ಮಾಸ್ತರು ಆ ದಿನ ಮೀಟಿಂಗಿಗೆಂದು ಬ್ಯಾಡಗಿಗೆ ಹೋಗಿದ್ದರು. ಮರುದಿನ ಬಂದವರೇ ಹಣೆ ಹಿಡಿದುಕೊಂಡು ಕುಳಿತರು.

"ಅಲ್ರಿ ಮೇಡಂ, ನನಗೊಂದು ಫೋನರ ಹಚ್ಚಬೇಕಿಲ್ಲೇನ್ರಿ? ಈಗ ಮಳಿ ನಾಕ ದಿನ ತಡಾ ಆದ್ರೂ ನಿಮ್ಮ ಕುಣೀನ ಕಾರಣ ಅಂತಾರ."

ಮಳೆ ತಡವಾಗಲಿಲ್ಲ, ದೇವರು ದೊಡ್ಡವನು. ಆದರೆ ಹುಡುಗಿಯರು ಮೈದಾನಕ್ಕೆ ಬರುವುದು ನಿಂತಿತು. ಸೀಟಿ ಊದಿದರೆ ಹುಡುಗರು ಮಾತ್ರ ಸಾಲಾಗಿ ನಿಲ್ಲುತ್ತಿದ್ದರು. ಹುಡುಗಿಯರು ಕಟ್ಟೆಯ ಮೇಲೆ ಕಾಲು ಇಳಿಬಿಟ್ಟುಕೊಂಡು ಕೂತು, ಕರೆದರೆ ತಲೆ ತಗ್ಗಿಸುತ್ತಿದ್ದರು. ಗಂಗಾ ಶಾಲೆಗೇ ಬರಲಿಲ್ಲ. ಎರಡು ಕಂಬಗಳು ಗೋಡೆಗೆ ಒರಗಿಕೊಂಡು ನಿಂತಿದ್ದವು. ಗುಂಡಿಗಳನ್ನು ಯಾರೋ ಬುಧವಾರ ಬೆಳಿಗ್ಗೆಯೇ ಮುಚ್ಚಿ, ಮೇಲೆ ನೀರು ಚಿಮುಕಿಸಿ, ಅರಿಶಿನ ಕುಂಕುಮ ಇಟ್ಟು ಹೋಗಿದ್ದರು.

ಗಂಗಾಳ ವಿಷಯ ಹೇಳುತ್ತೇನೆ. ಓಡುವಾಗ ಅವಳ ಕಾಲು ನೆಲ ಮುಟ್ಟಿದ್ದೇ ಕಾಣುವುದಿಲ್ಲ. ನಮ್ಮ ಕಡೆಯ ಮರಳು ಮಿಶ್ರಿತ ಕೆಮ್ಮಣ್ಣಿನಲ್ಲಿ ಯಾರು ಬೇಕಾದರೂ ಓಡಬಹುದು, ಮಳೆ ಬಂದ ಅರ್ಧ ಗಂಟೆಗೆ ನೆಲ ಒಣಗಿರುತ್ತದೆ. ಇಲ್ಲಿಯದು ಕಪ್ಪು ಎರೆ ಮಣ್ಣು. ಹನಿ ಬಿದ್ದರೆ ಸಾಕು, ಬೂಟಿಗೆ ಮುದ್ದೆ ಮುದ್ದೆಯಾಗಿ ಅಂಟಿಕೊಳ್ಳುತ್ತದೆ. ಹೋದ ಹಿಂಗಾರಿನಲ್ಲಿ ಕೆಲಸಕ್ಕೆ ಸೇರಿದ ಹೊಸದು, ಮೊದಲ ಮಳೆಗೆ ನಾನು ಮೈದಾನ ದಾಟುವಷ್ಟರಲ್ಲಿ ಒಂದು ಬೂಟು ಮಣ್ಣಿನಲ್ಲೇ ಉಳಿದುಹೋಗಿ ಮಕ್ಕಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅದೇ ಮಣ್ಣಿನಲ್ಲಿ ಈ ಹುಡುಗಿ ಬರಿಗಾಲಲ್ಲಿ ಮಿಂಚಿನ ಹಾಗೆ ತಿರುಗುತ್ತಿದ್ದಳು. ಅವಳನ್ನು ನಂಬಿಕೊಂಡೇ ನಾನು ತಂಡ ಕಟ್ಟುವ ಕನಸು ಕಂಡಿದ್ದು.

"ಗಂಗಾ ಎಲ್ಲಿ?" ಎಂದು ಹುಡುಗಿಯರನ್ನು ಕೇಳಿದೆ. ಕಟ್ಟೆಯ ಮೇಲಿದ್ದ ಒಬ್ಬಳು ಹೇಳಿದಳು. "ಪ್ಲಾಟಿಗೆ ಹೊಂಟಾಳ್ರಿ ಅಕ್ಕೋರ, ಕ್ರಾಸಿಂಗ್ ಮಾಡಾಕ."

ರಾಣೇಬೆನ್ನೂರಿನ ಸುತ್ತ ಬೀಜೋತ್ಪಾದನೆಯ ಹೊಲಗಳು ಬಹಳ. ಜನ ಅದಕ್ಕೆ ಪ್ಲಾಟ್ ಎನ್ನುತ್ತಾರೆ. ಒಂದು ಗಿಡದ ಹೂವಿನ ಪುಡಿಯನ್ನು ಇನ್ನೊಂದು ಗಿಡದ ಹೂವಿಗೆ ಕೈಯಿಂದ ಹಚ್ಚುವ ಕೆಲಸವೇ ಕ್ರಾಸಿಂಗ್. ಬೆರಳು ಸಣ್ಣದಿದ್ದಷ್ಟೂ ಹೂವಿಗೆ ನೋವಾಗುವುದಿಲ್ಲವಂತೆ, ಅದಕ್ಕೇ ಹುಡುಗಿಯರೇ ಬೇಕು. ಈ ಐದು ವಾರ ಮುಗಿಯುವ ತನಕ ಹೋಗಲಿ ಎಂದು ಶುರುವಾಗುತ್ತದೆ. ಆಮೇಲೆ ಹಂಗಾಮು ಮುಗಿಯಲಿ ಎನ್ನುತ್ತಾರೆ. ಅಷ್ಟು ಹೊತ್ತಿಗೆ ಹುಡುಗಿಗೆ ಶಾಲೆಯ ದಾರಿ ಮರೆತಿರುತ್ತದೆ. ನನ್ನ ಒಂದು ಗದರಿಕೆಯಿಂದ ಒಂದು ಹುಡುಗಿಯ ಶಾಲೆ ತಪ್ಪಿಹೋಗುತ್ತಿತ್ತು.

ಅವರ ಮನೆಗೆ ಹೋದೆ. ಫಕೀರವ್ವ ಬಾಗಿಲಲ್ಲೇ ನಿಂತು, "ಅಕಿ ಮನ್ಯಾಗಿಲ್ರಿ" ಎಂದಳು. ಮತ್ತೆ ಹೋದೆ. "ಅಕಿ ಬರಾಂಗಿಲ್ರಿ" ಎಂದಳು. ಇನ್ನೊಮ್ಮೆ ಹೋದಾಗ ಒಂದು ತಂಬಿಗೆ ನೀರು ತಂದುಕೊಟ್ಟು ಒಳಗೆ ಹೋದಳು. ನಮ್ಮ ಕಡೆಯಾದರೆ ಸಿಟ್ಟು ಬಂದವರು ಬೀದಿಗೆ ಬಂದು ಏಳು ತಲೆಮಾರು ಜಾಲಾಡುತ್ತಾರೆ, ಸಂಜೆಗೆ ಕರೆದು ಕಾಫಿ ಕೊಡುತ್ತಾರೆ. ಈ ಮರ್ಯಾದೆಯ ಸಿಟ್ಟನ್ನು ಹೇಗೆ ಎದುರಿಸಬೇಕೋ ನನಗೆ ತಿಳಿಯಲಿಲ್ಲ. ನೀರು ಕುಡಿದು ತಂಬಿಗೆಯನ್ನು ಹೊಸ್ತಿಲ ಮೇಲಿಟ್ಟು ಬಂದೆ.

ನಾನಿರುವುದು ಬ್ಯಾಡಗಿಯಲ್ಲಿ, ಮುಮ್ತಾಜಕ್ಕ ಎಂಬವರ ಮನೆಯ ಹಿಂದಿನ ಒಂದು ಕೋಣೆಯಲ್ಲಿ. ಪಕ್ಕದಲ್ಲೇ ಖಾರಪುಡಿಯ ಗಿರಣಿ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಮಾತ್ರ, ಖಾರ ಇಲ್ಲ ಎಂದು ನಾವೆಲ್ಲ ಸಲೀಸಾಗಿ ಹೇಳಿಬಿಡುತ್ತೇವಲ್ಲ, ಹಾಗೆ ಹೇಳುವವರನ್ನು ಇಲ್ಲಿ ಒಂದು ದಿನ ಕೂರಿಸಬೇಕು. ಬಂದ ಹೊಸದರಲ್ಲಿ ಸೀಟಿ ಬಾಯಿಗಿಟ್ಟರೆ ಊದುವ ಮೊದಲೇ ಕೆಮ್ಮು ಬರುತ್ತಿತ್ತು. ಮುಮ್ತಾಜಕ್ಕ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕುಳಿತು ನಗುತ್ತಿದ್ದರು. ನಾನು ಊರಿನಿಂದ ತಂದ ರಾಗಿ ಹಿಟ್ಟಿನಲ್ಲಿ ಮುದ್ದೆ ಮಾಡಿದ್ದನ್ನು ನೋಡಿ, "ಅಗೀದನ ನುಂಗ್ತೀರಿ? ಮತ್ತ ದೇವರು ಹಲ್ಲ ಯಾತಕ್ಕ ಕೊಟ್ಟಾನ್ರಿ?" ಎಂದು ಕೇಳಿದ್ದರು. ಈಗ ಅವರಿಗೂ ನಗು ಇರಲಿಲ್ಲ. ನಾನು ಬಸ್ಸಿಳಿದು ಬಂದು ಬಾಗಿಲು ಹಾಕಿಕೊಂಡರೆ ಹೊರಗಿನಿಂದ, "ಅಳಬ್ಯಾಡ್ರಿ ಬಾಯಾರ, ಉಂಡ ಮ್ಯಾಲ ಅಳೂರಂತ" ಎನ್ನುತ್ತಿದ್ದರು.

ಅಳುವುದಕ್ಕೆ ಇನ್ನೊಂದು ಕಾರಣವೂ ಇತ್ತು. ನನ್ನ ಮಗ ಮನು ಈ ಜೂನಿನಲ್ಲೇ ಒಂದನೇ ತರಗತಿಗೆ ಸೇರಿದ. ಇಲ್ಲಿ ಪ್ರಾರಂಭೋತ್ಸವದ ದಿನ ನಾನು ಕಂಡವರ ಮಕ್ಕಳಿಗೆ ಗುಲಾಬಿ ಕೊಟ್ಟು ಸಾಲು ಹಚ್ಚಿ ನಿಲ್ಲಿಸುತ್ತಿದ್ದಾಗ, ಅಲ್ಲಿ ಮಳವಳ್ಳಿಯಲ್ಲಿ ಅವನನ್ನು ನಮ್ಮತ್ತೆ ಕೈ ಹಿಡಿದು ಶಾಲೆಗೆ ಬಿಟ್ಟು ಬಂದರು. ಕೆಲಸ ಸಿಕ್ಕಿದ್ದು ಇಲ್ಲಿ, ಯಜಮಾನರ ಕೆಲಸ ಅಲ್ಲಿ. ಎಷ್ಟೋ ವರ್ಷ ಕಾದು ಪಡೆದ ಸರ್ಕಾರಿ ನೌಕರಿಯನ್ನು ಬಿಡು ಎಂದು ಯಾರೂ ಹೇಳಲಿಲ್ಲ, ಬಿಡುತ್ತೇನೆ ಎನ್ನುವ ಧೈರ್ಯ ನನಗೂ ಇರಲಿಲ್ಲ.

ಮೂರನೆಯ ಮಂಗಳವಾರದ ಹೊತ್ತಿಗೆ ಆ ಧೈರ್ಯ ತಾನಾಗಿಯೇ ಬಂತು. ಬರುವುದೇನು, ಸಾಕಾಗಿತ್ತು. ಸೀಟಿಗೆ ಓಗೊಡದ ಮಕ್ಕಳು, ಮಾತಾಡದ ಊರು, ಪ್ಲಾಟಿಗೆ ಹೋದ ಗಂಗಾ. ಅವತ್ತು ಫೋನಿನಲ್ಲಿ ಮನು, "ಅಮ್ಮ, ಎಲ್ಲಾರ್ನೂ ಅವರಮ್ಮನೇ ಬಿಡೋಕ್ ಬತ್ತಾರೆ, ನೀನ್ ಯಾವಾಗ ಬತ್ತೀಯಾ?" ಎಂದು ಕೇಳಿದ.

"ಬಂದ್ಬುಡ್ತೀನಿ ಕಣೋ ಮಗ" ಎಂದೆ. "ಇನ್ನೆರಡು ಮಂಗಳವಾರ ಕಳೀಲಿ. ಬುಧವಾರ ಬೆಳಿಗ್ಗೆ ನಾನೇ ನಿನ್ನ ಸ್ಕೂಲಿಗೆ ಬಿಡ್ತೀನಿ. ಆಮೇಲೆ ದಿನಾ ನಾನೇ."

ಮಗುವನ್ನು ಸಮಾಧಾನ ಮಾಡಲು ಆಡಿದ ಮಾತಲ್ಲ ಅದು. ರಾಜೀನಾಮೆ ಕೊಡುವುದೆಂದು ಯಜಮಾನರಿಗೂ ಹೇಳಿದೆ. ಅವರು "ಬಾ" ಎಂದರು. ಕೊನೆಯ ಮಂಗಳವಾರ ರಾತ್ರಿಯ ಬಸ್ಸಿಗೆ ಸೀಟು ಮಾಡಿಸಿ ಬಟ್ಟೆಬರೆ ಕಟ್ಟಿಟ್ಟೆ.

ಐದನೆಯ ಮಂಗಳವಾರ ಹೊರಬೀಡು. ಅವತ್ತು ಮನೆಯ ಒಲೆ ಹಚ್ಚುವಂತಿಲ್ಲ, ಊರ ಹೊರಗೆ ಅಡ್ಡಿಯಿಲ್ಲ. ಆ ದಿನ ಊರವರೆಲ್ಲ ಮನೆಗೆ ಬೀಗ ಹಾಕಿ, ದನಕರುಗಳನ್ನೂ ಹೊಡೆದುಕೊಂಡು ಹೊರಗೆ ಹೋಗಿ ಹೊಲದಲ್ಲೇ ಅಡುಗೆ ಮಾಡಿ ಉಂಡು, ಸಂಜೆಗೆ ಮರಳುತ್ತಾರೆ. ಶಾಲೆಗೂ ರಜೆ. ನಾನು ಹೋಗಬೇಕಾಗಿರಲಿಲ್ಲ. ಆದರೆ ಗಂಗಾಳಿಗೆ ಒಂದು ಮಾತು ಹೇಳದೆ ಬಸ್ಸು ಹತ್ತಲು ಮನಸ್ಸು ಬರಲಿಲ್ಲ. ಊರು ಹೊಕ್ಕರೆ ಒಂದು ನಾಯಿಯೂ ಇರಲಿಲ್ಲ. ಎಲ್ಲ ಬಾಗಿಲಿಗೂ ಬೇವಿನ ಸೊಪ್ಪು ಸಿಕ್ಕಿಸಿದ್ದರು. ಆ ಖಾಲಿ ಬೀದಿಯಲ್ಲಿ ನಡೆಯುವಾಗ, ನನಗೆ ಹೆದರಿ ಊರೇ ಬಿಟ್ಟು ಹೋದರೇನೋ ಎನ್ನಿಸಿ ನಗುವೂ ಬಂತು, ಸಂಕಟವೂ ಆಯಿತು.

ಫಕೀರವ್ವನ ಮನೆಯವರು ಒಂದು ಬೇವಿನ ಮರದ ಕೆಳಗೆ ಮೂರು ಕಲ್ಲು ಹೂಡಿ ಹೋಳಿಗೆ ಬೇಯಿಸುತ್ತಿದ್ದರು. ನನ್ನನ್ನು ನೋಡಿ ಅವಳು ಸೆರಗು ಸರಿಮಾಡಿಕೊಂಡಳು. "ಬರ್ರಿ, ಕುಂದ್ರಿ. ಹೊರಬೀಡಿನ ದಿನ ಬಂದಾರನ್ನ ಹಂಗ ಕಳಸೂದಿಲ್ಲ." ಎಲೆ ಹಾಕಿ ಬಡಿಸಿದಳು. ಗಂಗಾ ಅಜ್ಜಿಯ ಬೆನ್ನ ಹಿಂದೆ ಕುಳಿತಿದ್ದಳು. ಅವಳ ಹೆಬ್ಬೆರಳು ಹೂವಿನ ಪುಡಿಯಿಂದ ಹಳದಿಯಾಗಿತ್ತು.

"ಅಜ್ಜಿ, ವಾರ ಇದ್ದದ್ದು ನನಗೆ ಗೊತ್ತಿರಲಿಲ್ಲ. ಆ ಸಿಟ್ಟನ್ನ ಅವಳ ಮೇಲೆ ಯಾಕೆ ತೀರಿಸ್ತೀರಿ?" ಎಂದೆ.

"ಕುಣೀ ಸಿಟ್ಟು ಅಂದೇ ಮುಗೀತ್ರಿ ಅಕ್ಕೋರ" ಎಂದಳು ಫಕೀರವ್ವ. "ಮಣ್ಣ ಮುಚ್ಚಿ ಅರಿಷಿಣ ಕುಂಕಮ ಏರಿಸಿ ಬಂದಾಕಿ ನಾನ. ತಾಯಿ ಅದೆಲ್ಲ ಮನಸಿನ್ಯಾಗ ಇಟ್ಕೊಳ್ಳಾಂಗಿಲ್ಲ."

"ಮತ್ತೆ?"

ಅವಳು ಒಲೆಗೆ ಒಂದು ಕಟ್ಟಿಗೆ ನೂಕಿದಳು. "ಇಕೀಗೊಬ್ಬಾಕಿ ಅಕ್ಕ ಅದಾಳ, ಸಾವಿತ್ರಿ. ಇಕೀಗಿಂತ ಚಲೋ ಓಡ್ತಿದ್ಲು. ನಿಮಗಿಂತ ಮೊದ್ಲ ಒಬ್ರು ಆಟದ ಮಾಸ್ತರು ಬಂದಿದ್ರು, ನಿಮ್ಮ ಕಡೆಯವರ. ಹಾವೇರಿ ಹಾಸ್ಟೆಲಿಗೆ ಹಾಕ್ತೇನಿ, ಬೂಟ ಕೊಡಸ್ತೇನಿ ಅಂದ್ರು. ಅರ್ಧಾ ವರ್ಷಕ್ಕ ವರ್ಗಾ ಮಾಡಿಸ್ಕೊಂಡು ಹೋದ್ರು. ಹುಡುಗಿ ಸಾಲಿ ಗೇಟಿನ ಮುಂದ ಕುಂತು ಅವ್ರ ಹಾದಿ ನೋಡ್ತಿತ್ರಿ. ಆಮ್ಯಾಲೆ ಓದೂದೂ ಬಿಟ್ಲು. ನೀವು ಬರ್ತೀರಿ, ಹುಡುಗೂರಿಗೆ ಹುಚ್ಚ ಹಿಡಸ್ತೀರಿ, ಎದ್ದು ಹೋಗಿಬಿಡ್ತೀರಿ. ಖರೇ ಹೇಳ್ರಿ, ನೀವರ ಎಷ್ಟ ದಿನ ಇರ್ತೀರಿ?"

ಹೊರಡುವ ವಿಷಯ ಹೇಳಿ ಹೋಗಲೆಂದೇ ಬಂದವಳು ನಾನು. ಬಸ್ಸಿನ ಟಿಕೆಟ್ಟು ಬ್ಯಾಗಿನಲ್ಲೇ ಇತ್ತು. ಗಂಗಾ ಅಜ್ಜಿಯ ಭುಜದ ಮೇಲಿಂದ ನನ್ನನ್ನೇ ನೋಡುತ್ತಿದ್ದಳು. ಬೇಡಿಕೊಳ್ಳುವ ನೋಟವಲ್ಲ ಅದು. ಉತ್ತರ ಮೊದಲೇ ಗೊತ್ತಿರುವವರ ನೋಟ. ಅದನ್ನು ನನ್ನಿಂದ ತಡೆಯಲಾಗಲಿಲ್ಲ.

"ಇವಳು ಏಳನೇ ಕ್ಲಾಸ್ ಮುಗಿಸೋ ತನಕ ಇರ್ತೀನಿ" ಎಂದೆ.

"ತಾಯಿ ಆಣಿ?"

"ಆಣೆ."

ಫಕೀರವ್ವ ಎಲೆಗೆ ಇನ್ನೊಂದು ಹೋಳಿಗೆ ಹಾಕಿ ತುಪ್ಪ ಬಿಟ್ಟಳು. "ಹಂಗಾರ ನಾಳೆ ಕಳಸ್ತೇನಿ" ಎಂದಳು.

ಸಂಜೆ ಕೋಣೆಗೆ ಬಂದು ಯಜಮಾನರಿಗೆ ಫೋನು ಮಾಡಿದೆ. ರಾಜೀನಾಮೆ ಇನ್ನೂ ಕೊಟ್ಟಿಲ್ಲ, ಕೊಡುವುದೂ ಇಲ್ಲ ಎಂದೆ. "ಇದನ್ನ ಅವನಿಗೆ ನಾನು ಹೇಳೋಕಾಗಲ್ಲ. ನೀನೇ ಹೇಳ್ಕೊ" ಎಂದರು. ಮನು ಯೂನಿಫಾರ್ಮನ್ನು ತಾನೇ ಮಡಿಸಿ ತಲೆದಿಂಬಿನ ಹತ್ತಿರ ಇಟ್ಟುಕೊಂಡು ಆಗಲೇ ಮಲಗಿದ್ದನಂತೆ, ಬೇಗ ಬೆಳಗಾಗಲಿ ಎಂದು. ನನ್ನ ಬಸ್ಸು ನನ್ನನ್ನು ಬಿಟ್ಟು ಹೋಯಿತು.

ಬುಧವಾರ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಹುಡುಗಿಯರು ಎರಡೂ ಕುಣಿಗಳನ್ನು ಮತ್ತೆ ತೋಡಿದ್ದರು. ಹಾರೆ ಗಂಗಾಳ ಕೈಯಲ್ಲಿತ್ತು. ಮೊದಲನೆಯ ಕಂಬ ಇಳಿಸಿದೆವು. ನಾನು ಎರಡೂ ಕೈಯಿಂದ ಅದನ್ನು ತಬ್ಬಿ ನೆಟ್ಟಗೆ ಹಿಡಿದುಕೊಂಡೆ. ಗಂಗಾ ಸುತ್ತ ಮಣ್ಣು ಎಳೆದು ಬರಿಗಾಲಿನಿಂದ ತುಳಿಯತೊಡಗಿದಳು. ಹಸಿ ಎರೆ ಮಣ್ಣು ಇನ್ನೂ ಬಿಗಿ ಹಿಡಿದಿರಲಿಲ್ಲ.

ಆಗ ಕಟ್ಟೆಯ ಮೇಲಿದ್ದ ನನ್ನ ಬ್ಯಾಗಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಮಳವಳ್ಳಿಯಲ್ಲಿ ಮಕ್ಕಳು ಶಾಲೆಗೆ ಹೊರಡುವ ಹೊತ್ತು ಅದು. ಯೂನಿಫಾರ್ಮ್ ಹಾಕಿಕೊಂಡು ಗೇಟಿನ ಹತ್ತಿರ ಯಾರು ನಿಂತಿರುತ್ತಾರೆ ಎಂದು ನನಗೆ ಗೊತ್ತಿತ್ತು.

"ಅಕ್ಕೋರ, ನಿಮ್ಮ ಫೋನ್ರಿ" ಎಂದಳು ಒಬ್ಬಳು.

"ಬಿಡಬ್ಯಾಡ್ರಿ ಅಕ್ಕೋರ, ವಾಲತೈತಿ!" ಎಂದಳು ಗಂಗಾ. "ಇನ್ನ ಸ್ವಲ್ಪ ಹಿಡೀರಿ."

ಫೋನು ನಿಂತು ಮತ್ತೆ ಶುರುವಾಯಿತು. ನಾನು ಕಂಬಕ್ಕೆ ಹಣೆ ಒತ್ತಿ, ಹಿಡಿದ ಕೈ ಬಿಡದೆ, ಗಂಗಾ ತುಳಿದು ಮುಗಿಸುವುದನ್ನೇ ಕಾಯುತ್ತಿದ್ದೆ.