ಉಡುಪಿ ಮಲ್ಲಿಗೆಗೆ ದುಂಡು ಮೊಗ್ಗು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ದಿನಚರಿ ಬರೆಯುವವಳು ನಾನು, ನಿಜ. ಆದರೆ ನನ್ನ ದಿನಚರಿಗೂ ನನ್ನ ನೆನಪಿಗೂ ಅಷ್ಟಕ್ಕಷ್ಟೆ. ಆ ವರ್ಷದ ಮೊದಲ ಚಿಗುರನ್ನು ಕಂಡವಳು ನಾನೇ ಎಂದು ನೆನಪು ಹೇಳುತ್ತದೆ. ದಿನಚರಿ ತೆರೆದರೆ, ನನ್ನದೇ ಅಕ್ಷರದಲ್ಲಿ, "ಅತ್ತೆ ಕರೆದು ತೋರಿಸಿದರು" ಎಂದಿದೆ.

ಬಹರೈನಿಗೆ ವಸಂತ ಬರುವುದು ವಿಸಿಟ್ ವೀಸಾದಲ್ಲಿ. ಫೆಬ್ರುವರಿಯಲ್ಲಿ ಇಳಿದು, ನಾಲ್ಕು ಕಡೆ ಸುತ್ತುವಷ್ಟರಲ್ಲಿ ಹೊರಡುವ ದಿನ ಬಂದಿರುತ್ತದೆ. ಮಾವಿನ ಚಿಗುರು, ಕೋಗಿಲೆ, ದುಂಬಿ ಎಂದು ಹಳೆಯ ಕವಿಗಳು ಕೊಟ್ಟ ಪಟ್ಟಿಯನ್ನು ಎಂ.ಎ. ಪರೀಕ್ಷೆಗೆಂದು ಉರುಹೊಡೆದಿದ್ದೆ. ಇಲ್ಲಿಯ ಅದ್ಲಿಯಾ ಬಡಾವಣೆಯ ನಮ್ಮ ಬಾಡಿಗೆ ಮನೆಯ ಹಿತ್ತಿಲಿನಲ್ಲಿ ಅದು ಉಪಯೋಗಕ್ಕೆ ಬರಲಿಲ್ಲ. ಇಲ್ಲಿಯ ಗುರುತುಗಳೇ ಬೇರೆ. ಪಾತ್ರೆ ತೊಳೆಯುವಾಗ ಬೆರಳು ಮರಗಟ್ಟುವುದು ನಿಲ್ಲುತ್ತದೆ. ಬೀದಿಯ ಬಾದಾಮಿ ಮರ ಕೆಂಪೆಲೆಗಳನ್ನು ನಮ್ಮ ಗೋಡೆಯೊಳಗೆ ಉದುರಿಸುತ್ತದೆ. ನನ್ನ ಗಂಡ ಏಸಿಯ ಜಾಲರಿ ಬಿಚ್ಚಿ ತೊಳೆದು ಬಿಸಿಲಿಗಿಡುತ್ತಾರೆ. ಹಿತ್ತಿಲು ಎಂದೆನಲ್ಲ, ಅಡುಗೆಮನೆಯ ಹಿಂದೆ ಗ್ಯಾಸ್ ಸಿಲಿಂಡರ್ ಇಟ್ಟು ಉಳಿದ ಜಾಗ ಅದು.

ಅಲ್ಲಿ ಒಂದು ಮಲ್ಲಿಗೆ ಗಿಡವಿತ್ತು. ಅತ್ತೆಗೆ ಅವರ ತಾಯಿ ಕೊಟ್ಟಿದ್ದ ಉಡುಪಿ ಮಲ್ಲಿಗೆ ಗಿಡದ ಒಂದು ಗೆಲ್ಲು. ನಾನು ರಜೆ ಮುಗಿಸಿ ಊರಿನಿಂದ ಹೊರಟಾಗ ಅತ್ತೆ ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿ ಹಪ್ಪಳದ ಪಕ್ಕ ಇಟ್ಟುಕೊಟ್ಟಿದ್ದರು. "ಇದಕ್ಕೆ ಬೇರೆ ಎಂತದೂ ಬೇಡ. ನೀರು ಮಾತ್ರ ತಪ್ಪಿಸಬೇಡ" ಎಂದಿದ್ದರು.

ತಪ್ಪಿಸಲಿಲ್ಲ. ತಪ್ಪಾದದ್ದೇ ಅಲ್ಲಿ. ಆಗಸ್ಟಿನ ಮಧ್ಯಾಹ್ನ ಇಲ್ಲಿ ತಾರಸಿಯ ಟ್ಯಾಂಕಿನ ನೀರು ಸಾರಿನಷ್ಟು ಬಿಸಿ. ಮನೆಯೊಳಗಿನ ಗೀಸರ್ ಆರಿಸಿಟ್ಟು, ಅದರಲ್ಲಿ ನಿಂತು ತಣಿದ ನೀರನ್ನು ಬಿಸಿನೀರಿನ ನಲ್ಲಿಯಿಂದ ಹಿಡಿದು ಸ್ನಾನ ಮಾಡುವ ಜನ ನಾವು. ಆ ಜಾಣತನ ನನ್ನ ಮೈಗೆ ಮಾತ್ರ ಗೊತ್ತಿತ್ತು. ಗಿಡದ ಹತ್ತಿರ ಹೋದೊಡನೆ ಊರಿನ ಬುದ್ಧಿ: ಪೈಪಿನಲ್ಲಿ ಬರುವುದೆಲ್ಲ ತಣ್ಣೀರು. ಗಿಡ ಬಾಡಿದಷ್ಟೂ ಹೆಚ್ಚು ಹಾಕಿದೆ. ಒಂದು ದಿನ ನೀರು ನನ್ನ ಕಾಲಿಗೇ ಬಿದ್ದು ಕುಣಿದಾಡಿದ ಮೇಲೆ ವಿಷಯ ತಿಳಿಯಿತು. ಅಷ್ಟರಲ್ಲಿ ಗಿಡ ಕಡ್ಡಿಯಾಗಿತ್ತು.

ಅತ್ತೆಗೆ ಹೇಳಲು ಬಾಯಿ ಬರಲಿಲ್ಲ. ಪ್ರತಿ ಶುಕ್ರವಾರ ಫೋನಿನಲ್ಲಿ ಅವರು ಮೊದಲು ಗಿಡವನ್ನು, ಆಮೇಲೆ ಮಗನನ್ನು ವಿಚಾರಿಸುವರು. "ಚಂದ ಉಂಟು ಅತ್ತೆ" ಎನ್ನುತ್ತಿದ್ದೆ. ಜನವರಿಯಲ್ಲಿ ಅವರೇ ಬಂದಿಳಿದರು.

ಮರುದಿನವೇ ಹಿತ್ತಿಲಿಗೆ ಹೋದರು. "ಅಜ್ಜೀ, ಇಟ್ಸ್ ಡೆಡ್!" ಎಂದು ನನ್ನ ಏಳು ವರ್ಷದ ಮಗಳು ಸಾರಿಬಿಟ್ಟಳು.

"ಚಳಿಗೆ ಎಲೆ ಉದುರಿದ್ದು ಅತ್ತೆ" ಎಂದೆ ನಾನು.

ಅವರು ಕಡ್ಡಿಯನ್ನು ಉಗುರಿನಿಂದ ಗೀರಿ, ಕಣ್ಣಿನ ಹತ್ತಿರ ಬಗ್ಗಿಸಿ ನೋಡಿದರು. ನನಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. "ಹೌದು, ಚಳಿಗೇ" ಎಂದರು. "ಹೊರಗಿನಿಂದ ಬಂದದ್ದಲ್ಲವಾ ಮಾರಾಯ್ತಿ, ಸ್ವಲ್ಪ ಸಮಯ ಬೇಕು."

ಫೆಬ್ರುವರಿಯ ಒಂದು ಮಧ್ಯಾಹ್ನ ಮಗಳನ್ನು ಈಸಾ ಟೌನಿನ ಶಾಲೆಯಿಂದ ಕರೆತಂದಾಗ ಅತ್ತೆ ಹಿತ್ತಿಲಿನಿಂದಲೇ ಕೂಗಿದರು. ಕಡ್ಡಿಯ ಬುಡಕ್ಕೆ ಒತ್ತಿಕೊಂಡು ಒಂದು ಎಳೆಯ ಚಿಗುರು, ಅದರಲ್ಲಿ ನಾಲ್ಕು ಎಲೆ. ಆರು ತಿಂಗಳ ಸುಳ್ಳು ಎದೆಯಿಂದ ಇಳಿದ ಹಾಗಾಯಿತು. ಅತ್ತೆಯ ಉಗುರಿನಲ್ಲಿ ಮಣ್ಣಿತ್ತು. ಈ ಮಣ್ಣು ದಿನಚರಿಯಲ್ಲಿಲ್ಲ. ಸಂಶಯ ಬಂದ ಮೇಲೆ ಅದನ್ನು ಅವರ ಬೆರಳಿಗೆ ನಾನೇ ಹಚ್ಚಿರಲೂಬಹುದು.

ಅತ್ತೆ ಊರಿಗೆ ಮರಳಿದ ಮೇಲೆ, ಏಪ್ರಿಲಿನಲ್ಲಿ ಮೊಗ್ಗು ಬಂತು. ಉಡುಪಿ ಮಲ್ಲಿಗೆಯ ಮೊಗ್ಗು ಸಪೂರ, ತುದಿ ಚೂಪು. ಇದು ಬಟಾಣಿಯ ಹಾಗೆ ದುಂಡಗಿತ್ತು. ಪಕ್ಕದ ಮನೆಯ ಬಹರೈನಿ ಅಜ್ಜಿ ಗೋಡೆಯಾಚೆಯಿಂದ ನೋಡಿ "ರಾಝ್ಗಿ!" ಎಂದು ಹಿಗ್ಗಿದರು. ಅವರ ಊರಿನ ಮಲ್ಲಿಗೆಯ ಹೆಸರು ಅದು. "ಅಮ್ಮನನ್ನು ಗಿಡಗಳ ನರ್ಸರಿಗೆ ಕರೆದುಕೊಂಡು ಹೋಗಿದ್ದಿರಾ?" ಎಂದು ಗಂಡನನ್ನು ಕೇಳಿದೆ. ಆಗಲೇ ತೊಳೆದಿಟ್ಟಿದ್ದ ಏಸಿ ಜಾಲರಿಯನ್ನು ಅವರು ಮತ್ತೊಮ್ಮೆ ತೊಳೆಯತೊಡಗಿದರು.

ಚಿಗುರು ಕಂಡರೆ, ಸತ್ತಿತ್ತು ಎಂದುಕೊಂಡದ್ದು ಸತ್ತಿರಲಿಲ್ಲ ಎಂದು ನಂಬಿಬಿಡುತ್ತೇವೆ. ಬಾದಾಮಿ ಮರವಾದರೂ ಉದುರಿದ ಎಲೆಯನ್ನೇ ಮರಳಿ ತರುವುದಿಲ್ಲ. ನಾವು ಯಾರೂ ಅದನ್ನು ಮೋಸ ಎನ್ನುವುದಿಲ್ಲ.

ಆ ಶುಕ್ರವಾರ ಫೋನಿನಲ್ಲಿ ಹೇಳಿದೆ: "ಅತ್ತೆ, ಮೊಗ್ಗು ಬಂದಿದೆ. ದುಂಡಗೆ ಉಂಟು."

"ಅಲ್ಲಿಯ ನೀರು ಕುಡಿದರೆ ಹಾಗೇ. ನಿನ್ನ ಗಂಡ ಹೋಗುವಾಗ ಹೇಗಿದ್ದ, ಈಗ ಹೇಗಿದ್ದಾನೆ ನೋಡು!" ಎಂದು ನಕ್ಕರು. ಆಮೇಲೆ, ಏನೋ ನೆನಪಾದವರ ಹಾಗೆ, "ಬೇಸಿಗೆ ಬಂತು. ಮಧ್ಯಾಹ್ನದ ನೀರು ಹಾಕಬೇಡ ಮಾರಾಯ್ತಿ, ಬೆಳಿಗ್ಗೆಯೇ ಹಾಕು" ಎಂದರು.

ಬಿಸಿನೀರಿನ ಸಂಗತಿ ನಾನು ಅವರಿಗೆ ಹೇಳಿಯೇ ಇರಲಿಲ್ಲ. ಈ ಒಂದು ವಿಷಯದಲ್ಲಿ ದಿನಚರಿಯೂ ನೆನಪೂ ಒಂದೇ ಮಾತು ಹೇಳುತ್ತವೆ.

ಅವತ್ತು ಫೋನಿನಲ್ಲೇ ಅತ್ತೆಯನ್ನು ಒಂದು ಪ್ರಶ್ನೆ ಕೇಳಿದೆ. ಪ್ರತಿ ಫೆಬ್ರುವರಿಯಲ್ಲಿ ಚಿಗುರು ಕಂಡಾಗ ಮತ್ತೆ ಕೇಳುತ್ತೇನೆ: "ಅತ್ತೆ, ಆ ಕಡ್ಡಿಯನ್ನು ಗೀರಿ ನೋಡಿದಿರಲ್ಲ, ಒಳಗೆ ಹಸಿರಿತ್ತಾ?"